ಮೂವತ್ತು ಹೆಜ್ಜೆ

ಸರ್ಕಾರದ ಇಂಟರ್‌ನೆಟ್ ಕೇಬಲ್ ಹೂಳಿಸಿದ ಮೇಸ್ತ್ರಿ ನಾನು. ರಸ್ತೆಬದಿಯ ಕೇಬಲ್ ಪೆಟ್ಟಿಗೆಯಿಂದ ಅಕ್ಕನ ಟೈಲರ್ ಅಂಗಡಿಗೆ ಮೂವತ್ತೇ ಹೆಜ್ಜೆ; ಕನೆಕ್ಷನ್ ಮಾತ್ರ ಇಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲೋ" ಎಂದು ಎರಡು ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಾಳೆ.

ಇವತ್ತು ಕೇಬಲ್ ಯೋಜನೆಯ ಸಾಹೇಬರು ಅಂಗಡಿ ಮುಂದೆ ಬಂದವರೇ ನನ್ನ ಮೇಲೆ ಹರಿಹಾಯ್ದರು. "ಅರವತ್ತು ಕಿಲೋಮೀಟರ್ ಕೇಬಲ್, ಒಬ್ಬ ಗಿರಾಕಿಯೂ ಇಲ್ಲ! ಹಾಕಿದ ದುಡ್ಡು ಹುಟ್ಟೋದು ಹೇಗ್ರೀ?"

"ಸಾರ್, ನೀವು ದುಡ್ಡು ಕೊಡೋದು ಕಿಲೋಮೀಟರ್ ಲೆಕ್ಕದಲ್ಲಿ. ಮನೆಗೆ ಎಳೆದ್ರೆ ಬಿಡಿಗಾಸೂ ಇಲ್ಲ. ಅದಕ್ಕೇ ಕಂಟ್ರಾಕ್ಟರು ಮನೆಗಳಿಗೆ ಎಳೆಯದೆ ರಸ್ತೆಬದಿಯಲ್ಲೇ ಸಲೀಸಾಗಿ ಅಗೆಸ್ಕೊಂಡು ಹೋದ್ರು."

ಅಕ್ಕ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದಳು. "ಕನೆಕ್ಷನ್ ಕೊಡಿ ಸಾರ್, ತಿಂಗಳು ತಿಂಗಳು ದುಡ್ಡು ಕಟ್ತೀನಿ!"

ಸಾಹೇಬರು ತಲೆಯಾಡಿಸುತ್ತಲೇ ಅಲ್ಲೇ ನಿಂತು ವರದಿ ಬರೆದರು: "ಜನರಿಗೆ ಆಸಕ್ತಿಯಿಲ್ಲ. ನಷ್ಟ ತುಂಬಿಕೊಳ್ಳಲು ಇನ್ನೂ ಅರವತ್ತು ಕಿಲೋಮೀಟರ್ ಕೇಬಲ್ ಹಾಕಬೇಕು."