ಸೆಲ್ ಇಲ್ಲದ ಕರೆಗಂಟೆ

ಹಂಪಣ್ಣ ತೀರಿಕೊಂಡ ಬಗೆ ಕೇಳಿದವರೆಲ್ಲ ಕೈ ಮುಗಿದರು. ಸಾವು ಅಂದರೆ ಅದು, ಅಂದರು. ಎದೆಯ ಮೇಲೆ ಲಿಂಗದ ವಸ್ತ್ರ, ಅದರ ಸುತ್ತ ಎಡಗೈ, ಹೆಬ್ಬೆರಳು ಗಂಟಿನ ಮೇಲೆ ಒತ್ತಿ ಹಿಡಿದದ್ದು ಹಿಡಿದ ಹಾಗೇ. ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತು ನಿಂತಿತ್ತು, ಆದರೂ ಶಿವನನ್ನು ಬಿಡಲಿಲ್ಲ ನೋಡು ಪುಣ್ಯಾತ್ಮ, ಅಂತ ಸಿಂಧನೂರಿನ ಆ ಅಂಗಡಿಸಾಲಿನ ತುಂಬ ಅದೇ ಮಾತು. ಗೊರೇಬಾಳ, ದಢೇಸುಗೂರಿನ ಗಿರಾಕಿಗಳು ಅವನ ಕಿರಾಣಿ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ನಿಂತು ಅದನ್ನೇ ಹೇಳಿ ಹೋದರು.

ಹೇಳದೆ ಇದ್ದವಳು ಒಬ್ಬಳೇ, ಅವನ ಹೆಂಡತಿ ಗುರುಲಿಂಗಮ್ಮ. ಆಕೆ ಅಳಲೂ ಇಲ್ಲ. ಮಣ್ಣಿಗೆ ಒಯ್ಯುವಾಗ ಮಗಳು ತೋಳು ಹಿಡಿದು ಎಬ್ಬಿಸಿದರೆ ಎದ್ದಳು, ಕೂರಿಸಿದರೆ ಕೂತಳು. ತಾಟಿನಲ್ಲಿ ಅನ್ನ ಕಲಸಿ ಇಟ್ಟರೆ ಬೆರಳಾಡಿಸಿ ಬದಿಗೆ ಸರಿಸುತ್ತಿದ್ದಳು. ಪಕ್ಕದ ಮನೆಯ ರೇಣುಕಮ್ಮ ದಿನಾ ಬಂದು, ಅತ್ತರೆ ಹಗುರಾಗತದ ಯಕ್ಕಾ, ಅನ್ನುವಳು. ಗುರುಲಿಂಗಮ್ಮ ಗೋಡೆ ನೋಡುವಳು. ದಿನವಾರವೆಲ್ಲ ಮುಗಿದು, ಬಂದ ನೆಂಟರೆಲ್ಲ ಹೋದರೂ ಆಕೆಯ ಕಣ್ಣು ಒಣಗಿದ್ದು ಒಣಗಿಯೇ ಇತ್ತು.

ಮಗಳು ಭುವನೇಶ್ವರಿಗೆ ಅದೇ ಚಿಂತೆ. ಲಿಂಗಸುಗೂರಿನ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು ಆಕೆ. ರಜೆ ಮುಗಿಯಲು ಬಂದಿತ್ತು. ಅಪ್ಪನನ್ನು ಕಳಕೊಂಡಾಯಿತು, ಹೀಗೇ ಬಿಟ್ಟರೆ ಅವ್ವನೂ ಅವನ ಹಿಂದೆಯೇ ಹೋಗುತ್ತಾಳೆ ಅನ್ನುವುದು ಆಕೆಗೆ ಕಾಣುತ್ತಿತ್ತು.

ಅಂಗಡಿ ಮುಂದೆ, ಮನೆ ಹಿಂದೆ. ಹಂಪಣ್ಣ ಮಲಗಿದ್ದು ಹಿಂದಿನ ಕೋಣೆಯ ಕಿಟಕಿ ಬದಿಯ ಮಂಚದ ಮೇಲೆ. ಪಕ್ಕದಲ್ಲೇ ಇಸ್ಮಾಯಿಲ್‌ಸಾಬನ ಹಿಟ್ಟಿನ ಗಿರಣಿ. ಅದು ತಿರುಗತೊಡಗಿದರೆ ಕೂಗಿದ್ದೇ ಕೇಳದು, ಇನ್ನು ಮಾತೇ ಇಲ್ಲದವನ ನರಳಾಟ ಅಂಗಡಿಯಲ್ಲಿ ಕೂತವಳಿಗೆ ಎಲ್ಲಿಂದ ಕೇಳಬೇಕು. ಅದಕ್ಕೇ ಮೊದಲು ಬಜಾರದಿಂದ ಒಂದು ಕರೆಗಂಟೆ ತಂದಿದ್ದರು. ಗುಂಡಿ ಅವನ ಕೈಯಲ್ಲಿ, ಗಂಟೆ ಅಂಗಡಿಯ ಗೋಡೆಯಲ್ಲಿ, ನಡುವೆ ವೈರು ಇಲ್ಲ. ಒಂದು ದಿನ ಹೇಳದೆ ಕೇಳದೆ ಗುಂಡಿಯೊಳಗಿನ ಸೆಲ್ ಸತ್ತಿತ್ತು. ಒತ್ತೀ ಒತ್ತೀ ಸಾಕಾಗಿ ಹಂಪಣ್ಣ ಹಾಸಿಗೆಯಲ್ಲೇ ಮಾಡಿಕೊಂಡು, ಹೆಂಡತಿ ಬಂದಾಗ ಮುಖ ಗೋಡೆಗೆ ತಿರುಗಿಸಿ ಮಲಗಿದ್ದ. ಅದನ್ನು ಕೇಳಿದ ಮಗಳು ಕಾಲೇಜಿನ ಲ್ಯಾಬಿನಲ್ಲಿ ಕೂತು ತಾನೇ ಒಂದು ಗುಂಡಿ ಮಾಡಿಕೊಂಡು ಬಂದಳು. ಅದರಲ್ಲಿ ಸೆಲ್ಲೇ ಇರಲಿಲ್ಲ. ಮೇಲೆ ಬೆರಳಗಲದ ಸೋಲಾರ್ ಬಿಲ್ಲೆ, ಒಳಗೆ ಹುಣಸೆಬೀಜದಷ್ಟು ದಪ್ಪನೆಯ ಒಂದು ಸೂಪರ್ ಕೆಪಾಸಿಟರ್.

ಅವ್ವನಿಗೆ ತಿಳಿಯಲಿ ಅಂತ ಆಕೆ ಹೇಳಿದ್ದಳು: ಸೆಲ್ ಅಂದರೆ ಕಣಜ ಇದ್ದಂಗ, ಒಮ್ಮೆ ತುಂಬಿಟ್ಟರೆ ಬಹಳ ದಿನ ಉಣಬಹುದು, ಆದರೆ ಬರಿದಾದರೆ ಮುಗೀತು. ಇದು ಮಣ್ಣಿನ ಬಿಂದಿಗೆ. ಹಿಡಿಸೋದು ಕಡಿಮೆ, ಆದರೆ ಕಿಟಕಿ ಬೆಳಕು ಬಿದ್ದರೆ ಸಾಕು, ತುಸು ಹೊತ್ತಿನಾಗ ತುಂಬತದ. ಎಷ್ಟು ಸಲ ತುಂಬಿ ಚೆಲ್ಲಿದರೂ ಸವೆಯೋದಿಲ್ಲ. "ಇದರ ಗೊಡವಿನೇ ಬ್ಯಾಡ ನಿನಗ," ಅಂದಿದ್ದಳು. ಮಣ್ಣಿನ ಬಿಂದಿಗೆ ಬಳಸದೆ ಇಟ್ಟರೂ ಜಿನುಗುತ್ತದೆ, ಎರಡು ದಿನ ಕತ್ತಲಲ್ಲಿದ್ದರೆ ಇದೂ ಬರಿದಾಗುತ್ತದೆ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಕಿಟಕಿ ಬದಿಯ ಮಂಚಕ್ಕೆ ಕತ್ತಲು ಎಲ್ಲಿಂದ ಬರಬೇಕು?

ಗಂಟೆ ಚೆನ್ನಾಗಿಯೇ ನಡೆದಿತ್ತು. ಹಂಪಣ್ಣ ನೀರಿಗೆ ಒತ್ತುವನು, ನೊಣಕ್ಕೆ ಒತ್ತುವನು, ಸುಮ್ಮನೆ ಹೆಂಡತಿಯ ಮುಖ ನೋಡಲೂ ಒತ್ತುವನು. "ಏನ್ ವೈನಿ, ನಮ್ಮಣ್ಣ ಕಂಡಕ್ಟರ್ ಆಗ್ಯಾನೇನು? ಸೀಟಿ ಹೊಡದಾಗೊಮ್ಮೆ ನೀವು ಏಳತೀರಿ," ಅಂತ ಇಸ್ಮಾಯಿಲ್‌ಸಾಬ ಗಿರಣಿಯಿಂದಲೇ ನಗೆಯಾಡುತ್ತಿದ್ದ. ಗುರುಲಿಂಗಮ್ಮನೂ ನಗುತ್ತ ಏಳುವಳು.

ಸತ್ತಾಗ ಆ ಗುಂಡಿ ಲಿಂಗದ ವಸ್ತ್ರದೊಳಗೆ ಸಿಕ್ಕಿತ್ತು. ಸಮಾಧಿಯ ಹೊತ್ತಿಗೆ ಅಯ್ಯನವರು ಗಂಟು ಬಿಚ್ಚಿ, ಲಿಂಗವನ್ನು ಹಂಪಣ್ಣನ ಅಂಗೈಗಿಟ್ಟು, ಗುಂಡಿಯನ್ನು ಭುವನೇಶ್ವರಿಗೆ ಕೊಟ್ಟಿದ್ದರು. ಅಳುವಿನ ಭರದಲ್ಲಿ ಆಕೆ ಅದನ್ನು ಚೀಲಕ್ಕೆ ಹಾಕಿಕೊಂಡು ಮರೆತಿದ್ದಳು.

ಹೊರಡುವ ದಿನ ಬೆಳಗ್ಗೆ ಆಕೆ ಅವ್ವನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಗುರುಲಿಂಗಮ್ಮ ತಾನಾಗಿಯೇ ಬಾಯಿ ಬಿಟ್ಟಳು.

"ಎಲ್ಲಾರೂ ಶಿವನ್ನ ಹಿಡದಿದ್ದ ಅಂತಾರ. ಹಿಡದಿದ್ದಾನು. ನನ್ನ ಬಿಟ್ಟಿದ್ದ."

ಯಾಕ ಬೇ ಹಂಗಂತೀ, ಅಂದಳು ಮಗಳು. ಆಗ ಒಂದೊಂದೇ ಎಳೆ ಬಿಚ್ಚಿತು. ಅವನು ಹೋಗುವ ನಾಲ್ಕಾರು ದಿನ ಮುಂಚೆ, ಸಂತೆಯ ದಿನ ಅಂಗಡಿಯ ತುಂಬ ಗಿರಾಕಿ. ಹಂಪಣ್ಣ ಒತ್ತಿದ್ದೇ ಒತ್ತಿದ್ದು. ಓಡಿ ಹೋಗಿ ನೋಡಿದರೆ ಏನೂ ಇಲ್ಲ, ಬರೇ ನಗುತ್ತಿದ್ದಾನೆ. ಮೇಲೆ ಗುಂಡಿ ಬೇರೆ ಕೈ ಜಾರಿ ಮಂಚದ ಕೆಳಗೆ ಬೀಳುತ್ತಿತ್ತು. ಗುರುಲಿಂಗಮ್ಮನಿಗೆ ಸಿಟ್ಟು ಬಂತು. ಸುಮ್ಮಸುಮ್ಮನ ಒತ್ತಬ್ಯಾಡ, ಜೀವಕ್ಕ ಬಂದಾಗಷ್ಟ ಒತ್ತು, ಅಂದುಬಿಟ್ಟಳು. ಅಂದು, ಇನ್ನು ಬೀಳದಿರಲಿ ಅಂತ ಗುಂಡಿಯನ್ನು ಲಿಂಗದ ವಸ್ತ್ರದೊಳಗೇ ಸೇರಿಸಿ ಗಂಟು ಹಾಕಿದಳು. ಅದೊಂದನ್ನು ಅವನು ಎಂದೂ ಕೈಬಿಟ್ಟವನಲ್ಲ.

"ಅವತ್ತೊಂದಿನ ಹೊಡೀತು. ಆಮ್ಯಾಲ ಗಂಟಿ ಹೊಡೀಲೇ ಇಲ್ಲ ನೋಡು. ಸಿಟ್ಟು ಮಾಡ್ಯಾನ ಅಂದ್ಕೊಂಡೆ. ನಾನ ಹೋಗಿ ಹೋಗಿ ನೋಡಿ ಬರತಿದ್ದೆ. ಗಂಟು ಎತ್ತಿ ಎತ್ತಿ ನನಗ ತೋರಸತಿದ್ದ, ಕಣ್ಣಾಗ ನೀರು. ಪೂಜಿ ಬೇಡತಾನಂತ ನೀರು, ವಿಭೂತಿ ತರತಿದ್ದೆ. ಗಂಟು ಬಿಚ್ಚದ ಹಣಿಗೆ ಹಚ್ಚಿದ್ರ ಮತ್ತೂ ಅಳತಿದ್ದ."

ಭುವನೇಶ್ವರಿಯ ಕೈ ಅವ್ವನ ಕೂದಲಲ್ಲೇ ನಿಂತುಹೋಯಿತು.

"ಜೀವಕ್ಕ ಬಂತು, ಒತ್ತಲಿಲ್ಲ. ನಾ ಹನ್ನೆರಡು ಹೆಜ್ಜಿ ದೂರ ಕುಂತು ಬೆಲ್ಲ ತೂಗಾಕತ್ತಿದ್ದೆ. ಇಷ್ಟು ವರ್ಷ ಬಾಳೇವು ಮಾಡಿದಾಕಿನ ಒಂದು ಮಾತಿಗೆ ಹಂಗ ಬಿಟ್ಟು ಹೋಗೋದೇನು?"

ಮಗಳು ಎದ್ದಳು. ಚಹಾಕ್ಕಿಡುತೀನಿ ಅಂತ ನೆಪ ಹೇಳಿ, ಒಲೆಯ ಮೇಲೆ ಪಾತ್ರೆ ಇಟ್ಟು, ಚೀಲದಿಂದ ಗುಂಡಿ ತಗೊಂಡು ಹಿತ್ತಲಿಗೆ ಹೋದಳು. ಬಾಗಿಲ ಒಳಗೇ ನಿಂತು ಒತ್ತಿದಳು, ಸದ್ದಿಲ್ಲ. ಆಕೆಗೆ ಗೊತ್ತಿತ್ತು. ಆದರೂ ಯಾಕೋ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟು, ಎದುರಿಗೆ ಕೂತಳು. ಬೇರೆ ಏನಾದರೂ ಕೆಟ್ಟಿರಲಿ ದೇವರೇ, ವಸ್ತ್ರದೊಳಗಿನ ಕತ್ತಲೊಂದು ಕಾರಣ ಆಗದಿರಲಿ ಅಂತ ಬೇಡಿಕೊಂಡಳು. ಲಿಂಗದ ಗಂಟಿನ ಮೇಲಿದ್ದ ಆ ಹೆಬ್ಬೆರಳನ್ನು ಊರೆಲ್ಲ ನೋಡಿತ್ತು. ಅದು ಜಪ ಮಾಡುತ್ತಿದ್ದ ಬೆರಳಲ್ಲ. ಎಷ್ಟು ಹೊತ್ತು ಒತ್ತಿರಬೇಕು ಅವನು.

ಒಲೆಯ ಮೇಲೆ ಚಹಾ ಉಕ್ಕುವಷ್ಟರಲ್ಲಿ ಆಕೆ ಮತ್ತೆ ಒತ್ತಿದಳು.

ಮುಚ್ಚಿದ ಅಂಗಡಿಯೊಳಗೆ ಗಂಟೆ ಹೊಡೆಯಿತು.

"ಬಂದೆ, ಬಂದೆ," ಅಂದಳು ಗುರುಲಿಂಗಮ್ಮ. ಎಣ್ಣೆಗೂದಲು ಬಿಟ್ಟುಕೊಂಡೇ ಎದ್ದು ಹಿಂದಿನ ಕೋಣೆಗೆ ಓಡಿದಳು. ಭುವನೇಶ್ವರಿ ಒಳಗೆ ಬರುವಷ್ಟರಲ್ಲಿ ಆಕೆ ಬರಿದಾದ ಮಂಚದ ಮುಂದೆ ನಿಂತಿದ್ದಳು. ನಿಧಾನಕ್ಕೆ ತಿರುಗಿ ಮಗಳ ಕೈಯೊಳಗಿನ ಗುಂಡಿ ನೋಡಿದಳು.

"ಈಗ್ಯಾಕ ಹೊಡೀತು?"

ಮಗಳು ಗುಂಡಿಯನ್ನು ಸೆರಗಿನಡಿ ಸರಿಸಿದಳು.

"ಮತ್ತ ಅವತ್ತು? ಅವತ್ತು ಕೆಟ್ಟಿತ್ತೇನು?" ಗುರುಲಿಂಗಮ್ಮನ ದನಿ ಸಣ್ಣಗಾಯಿತು. "ನಾ ವಸ್ತ್ರದಾಗ ಕಟ್ಟಿದ್ದಕ್ಕ ಏನರ ಆತೇನ ಭುವನಾ?"

ಸುಮ್ಮನಿದ್ದರೆ ಅವ್ವ ಗೋಡೆ ನೋಡುತ್ತ ಸಾಯುತ್ತಾಳೆ. ನಿಜ ಹೇಳಿದರೆ, ಗಂಡನ ಬಾಯಿಗೆ ತಾನೇ ಗಂಟು ಹಾಕಿದೆ ಅಂತ ಸಾಯುತ್ತಾಳೆ. ಭುವನೇಶ್ವರಿ ಯೋಚಿಸಲು ಹೊತ್ತು ತಗೊಳ್ಳಲಿಲ್ಲ.

"ವಸ್ತ್ರಕ್ಕೇನಾಗತದ ಬೇ. ಒಳಗ ನಾ ಹಚ್ಚಿದ ಬೆಸುಗಿ ಬಿಟ್ಟಿತ್ತು. ಈಗ ನೋಡಿ ಕೂಡಿಸಿದೆ. ತಪ್ಪು ನಂದು."

"ಅಂದ್ರ ಒತ್ಯಾನ ಅವ."

"ಒತ್ಯಾನ ಯವ್ವಾ. ಬೆರಳು ನೋಡಿದ್ದಿಯಲ್ಲ ನೀನೂ."

ಗುರುಲಿಂಗಮ್ಮ ಮಂಚದ ಪಟ್ಟಿ ಹಿಡಿದು ಕೆಳಗೆ ಕೂತಳು. ಕರದಾನ, ಅಂದಳು. ನನ್ನ ಕರದಾನ, ಅಂದಳು. ಆಮೇಲೆ ಬಂತು ಅಳು. ಗಿರಣಿ ನಿಲ್ಲಿಸಿ ಇಸ್ಮಾಯಿಲ್‌ಸಾಬ ಬಾಗಿಲಿಗೆ ಬಂದ, ರೇಣುಕಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಭುವನೇಶ್ವರಿ ಅವ್ವನ ಬೆನ್ನ ಮೇಲೆ ಕೈ ಇಟ್ಟಳು. ಅಳುತ್ತಲೇ ಗುರುಲಿಂಗಮ್ಮ ಆ ಕೈಯನ್ನು ಹಿಡಿದು ತೆಗೆದು ಪಕ್ಕಕ್ಕಿಟ್ಟಳು.

"ಗೊಡವಿನೇ ಬ್ಯಾಡ ಅಂದಿದ್ದಿ," ಅಂದಳು. ಅಷ್ಟೇ. ಬಿಡಿಸಿ ಹೇಳಲು ಇನ್ನೂ ಹೊತ್ತಿತ್ತು. ಭುವನೇಶ್ವರಿ ಹೇಳಲಿಲ್ಲ.

ಮಧ್ಯಾಹ್ನ ಗುರುಲಿಂಗಮ್ಮ ಮೊದಲ ಸಲ ಹೊಟ್ಟೆತುಂಬ ರೊಟ್ಟಿ ಉಂಡಳು, ರೇಣುಕಮ್ಮ ಬಡಿಸಿದ ಮೇಲೆ. ಮಗಳು ಬಡಿಸಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಇಟ್ಟಿದ್ದಳು. ಭುವನೇಶ್ವರಿ ಚೀಲ ಎತ್ತಿಕೊಂಡು, ಹೋಗಿ ಬರತೀನಿ ಅವ್ವಾ, ಅಂದಾಗ ಆಕೆ ತಲೆ ಎತ್ತಲಿಲ್ಲ.

ಲಿಂಗಸುಗೂರಿನ ಬಸ್ಸು ಮಸ್ಕಿಯಲ್ಲಿ ತುಸು ನಿಲ್ಲುತ್ತದೆ. ಯಾವಾಗಲೂ ಅಲ್ಲಿಂದ ಭುವನೇಶ್ವರಿ ಮನೆಗೆ ಫೋನು ಹಚ್ಚಿ, ಮಸ್ಕಿಗೆ ಬಂದೆ, ಅನ್ನುವ ರೂಢಿ. ಹಚ್ಚಿದಳು. ರಿಂಗ್ ಆಗಿ ಆಗಿ ಕಟ್ಟಾಯಿತು. ಮತ್ತೆ ಹಚ್ಚಿದಳು. ಆಮೇಲೆ ಇಸ್ಮಾಯಿಲ್‌ಸಾಬನಿಗೆ ಹಚ್ಚಿದಳು.

ಅಂಗಡಿ ತೆಗೆದಿದ್ದಾಳೆ ಅಂತ ಅವನು ಹೇಳಿದ. ಬಂದವರೆಲ್ಲರಿಗೂ ಕರೆದು ಕರೆದು ಹೇಳುತ್ತಿದ್ದಾಳಂತೆ: ಶಿವನ್ನಲ್ರೀ, ಅವ ನನ್ನ ಕರಿಯಾಕತ್ತಿದ್ದ, ಮಗಳು ಮಾಡಿದ ಗಂಟಿ ಕೈಕೊಟ್ತು. ಹೇಳಿ ಅವನೇ ಕೇಳಿದ.

"ಖರೇ ಏನವ್ವಾ ಅದು?"

"ಖರೇ ಕಾಕಾ," ಅಂದಳು ಭುವನೇಶ್ವರಿ. "ಅಳಾಕತ್ಯಾಳೇನು ಇನ್ನೂ?"

"ನಡುನಡುವ ಅಳತಾಳ. ಮತ್ತ ತೂಗತಾಳ."

ಕಂಡಕ್ಟರ್ ಬಾಗಿಲು ಎಳೆದುಕೊಂಡ. ಆಕೆ ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡಳು. ಲಿಂಗಸುಗೂರು ಬರುವವರೆಗೂ ತಲೆ ಎತ್ತಲಿಲ್ಲ.