ತಿರುವಿನಲ್ಲಿ ತುಂಡಾದ ಮಾತು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಒಂದೇ ರಸ್ತೆಯಲ್ಲಿ ಹದಿನೆಂಟು ದಿನ ವ್ಯಾನಿನಲ್ಲಿ ಹಿಂದೆ ಮುಂದೆ ಅಲೆದರೆ ಅವರಿಗೂ ಬರುತ್ತದೆ.

ನನ್ನ ಕೆಲಸ ಇಷ್ಟೇ: ಓಡುವ ಗಾಡಿಯಲ್ಲಿರುವ ಫೋನು ಒಂದು ಟವರಿನ ಕೈ ಬಿಟ್ಟು ಇನ್ನೊಂದರ ಕೈ ಹಿಡಿಯುವಾಗ ಮಾತು ತುಂಡಾಗದಂತೆ ನೋಡಿಕೊಳ್ಳುವುದು. ನಮ್ಮ ಹೊಸ ನೆಟ್‌ವರ್ಕ್ ಮುಂದಿನ ಟವರನ್ನು ಮೊದಲೇ ಊಹಿಸಿ ಹಿಡಿದುಕೊಳ್ಳುತ್ತದಂತೆ. ಅದನ್ನು ನಂಬಿ ಒಂದು ಆಂಬುಲೆನ್ಸಿಗೂ ಜೋಡಿಸಿ ನೋಡುತ್ತಿದ್ದರು. ಒಳಗಿರುವ ನರ್ಸಮ್ಮನಿಗೆ ಆಸ್ಪತ್ರೆಯ ಡಾಕ್ಟರು ವಿಡಿಯೋದಲ್ಲಿ ಹೇಳಿಕೊಡಬೇಕು. ನಾನು ಸಹಿ ಹಾಕಿದರೆ ಸೋಮವಾರದಿಂದ ನಲವತ್ತು ಆಂಬುಲೆನ್ಸಿಗೂ ಇದೇ.

ಆ ನರ್ಸಮ್ಮ ಬೆಳಿಗ್ಗೆ ನಮ್ಮ ಆಫೀಸಿಗೇ ಬಂದರು. ಹಿಟ್ಟಿನ ಗಿರಣಿಯ ತಿರುವಿನಲ್ಲಿ, ಪ್ರಜ್ಞೆ ತಪ್ಪಿದ ಹೆಂಗಸೊಬ್ಬರ ತೋಳು ಹಿಡಿದು ಸಿರಿಂಜ್ ಎತ್ತಿದ್ದರಂತೆ. ಡಾಕ್ಟರು ಹೇಳಿದ್ದು "ಕೊಡ್ಬೇ" ಅನ್ನುವವರೆಗೆ ಮಾತ್ರ ಕೇಳಿಸಿತಂತೆ.

"ಬೇಕೋ ಬೇಡವೋ ನಂಗೆ ಹೇಗಮ್ಮ ಗೊತ್ತಾಗ್ಬೇಕು? ಹನ್ನೊಂದು ಸೆಕೆಂಡು ಸೂಜಿ ಹಿಡ್ಕೊಂಡು ಕೂತಿದ್ದೆ. ಆಮೇಲೆ ಗೊತ್ತಾಯ್ತು, ಬೇಡ ಅಂದಿದ್ರು."

ಮ್ಯಾನೇಜರ್ ಸಾಹೇಬರಿಗೆ ಹೇಳಿದರೆ, ನಿಮ್ಮ ವರದಿಯಲ್ಲೇ ಆ ತಿರುವು ಒಂದು ಸಲವೂ ಕೈಕೊಟ್ಟಿಲ್ಲವಲ್ಲ ಎಂದು ರಾಗ ಎಳೆದರು. ನಿಜ, ಕೊಟ್ಟಿರಲಿಲ್ಲ. ಅದೇ ನನ್ನ ತಲೆ ತಿನ್ನುತ್ತಿತ್ತು. ಸಂಜೆ ಐದರೊಳಗೆ ಸಹಿ ಆಗಬೇಕು ಎಂದು ಬೇರೆ ಹೇಳಿದರು.

ಮತ್ತೆ ವ್ಯಾನು ಹತ್ತಿದೆ. ಗಿರಣಿ ಹತ್ತಿರವಾದಂತೆ ಡ್ರೈವರಣ್ಣ ಮೆತ್ತಗೆ ಬ್ರೇಕ್ ಒತ್ತಿದ. ಯಾಕಣ್ಣ ಎಂದೆ. ಮೊದಲ ದಿನ, ಪರೀಕ್ಷೆ ಶುರುವಾಗುವ ಮುಂಚೆಯೇ, ಇದೇ ತಿರುವಿನಲ್ಲಿ ನನ್ನ ಲ್ಯಾಪ್‌ಟಾಪ್ ಜಾರಿ ಬಿದ್ದಿತ್ತಲ್ಲ, ನಾನು ಅವನ ಮೇಲೆ ಹಾರಾಡಿದ್ದೆನಲ್ಲ, ಅವತ್ತಿನಿಂದ ಇಲ್ಲಿ ನಿಧಾನವಾಗಿಯೇ ಹೋಗುತ್ತಾನಂತೆ.

ಹದಿನೆಂಟು ದಿನ! ಟವರು ಬದಲಿಸಲು ಫೋನಿಗೆ ಬೇಕಾದಷ್ಟು ಪುರುಸೊತ್ತನ್ನು ನಾವೇ ಕೊಟ್ಟಿದ್ದೆವು. ಆಂಬುಲೆನ್ಸ್ ಯಾರ ಲ್ಯಾಪ್‌ಟಾಪಿಗಾಗಿ ನಿಧಾನ ಮಾಡುತ್ತದೆ? ಅವನನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಬೈದದ್ದರಿಂದಲೇ ಇಷ್ಟೆಲ್ಲ ಆಗಿತ್ತು.

ಗಾಡಿ ವಾಪಸ್ ತಿರುಗಿಸಣ್ಣ, ಲ್ಯಾಪ್‌ಟಾಪ್ ಬಿದ್ದರೆ ಬೀಳಲಿ, ಆಂಬುಲೆನ್ಸಿನಷ್ಟೇ ಜೋರಾಗಿ ಹೊಡಿ ಎಂದೆ. ಪರೀಕ್ಷೆಯ ಫೋನಿನಿಂದ ಸಾಹೇಬರಿಗೇ ಕರೆ ಮಾಡಿದೆ. ಗಿರಣಿ ಕಂಡೊಡನೆ ಕೇಳಿದೆ: "ಸಹಿ ಹಾಕ್ಬೇಕಾ, ಬೇಡ್ವಾ ಸಾರ್?"

"ಎಷ್ಟು ಸಲ ಹೇಳೋದಮ್ಮ, ನೀವು ಹಾಕ್ಬೇ..."

ಲ್ಯಾಪ್‌ಟಾಪ್ ದೊಪ್ಪನೆ ಬಿತ್ತು. ನಾನು ಒಂದು, ಎರಡು ಎಂದು ಎಣಿಸುತ್ತಾ ಕುಳಿತೆ. ಹನ್ನೊಂದಾದ ಮೇಲೆ ಅವರ ಧ್ವನಿ ಮರಳಿತು, ಹಲೋ, ಹಲೋ, ಕೇಳಿಸ್ತಾ ಅಂತ.

"'ಬೇ' ವರೆಗೆ ಕೇಳಿಸ್ತು ಸಾರ್. ಮಿಕ್ಕಿದ್ದು ನಾನೇ ಬರ್ಕೊಂಡೆ. ಬೇಡ."