ಗೆದ್ದವರಿಗೆ ಛೀಮಾರಿ

ಬುಧವಾರ ಬೆಳಿಗ್ಗೆ ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಮಾಲೀಕ ಟ್ರಿಪ್ ಬೆಕ್‌ವಿತ್ ತನ್ನ ಕೋಚ್‌ನನ್ನು ಮೇಲಿನ ಕೋಣೆಗೆ ಕರೆಸಿ, ಕಾಫಿ ಕೊಟ್ಟು, ಗಾಜಿನಾಚೆ ಹಿಮ ಹೊದ್ದು ಮಲಗಿದ್ದ ಮೈದಾನವನ್ನು ತೋರಿಸಿ, ಬಹಳ ಮೆತ್ತಗೆ ಹೇಳಿದ್ದರ ತಾತ್ಪರ್ಯ ಇಷ್ಟೇ: ಭಾನುವಾರ ಸೋಲಬೇಕು.

ಅದನ್ನು ನೇರವಾಗಿ ಹೇಳಿದ್ದರೆ ಕೋಚ್ ಕ್ಯಾಸ್ ಪೆಲ್ಕಾಗೆ ಅಷ್ಟು ಮೈ ಉರಿಯುತ್ತಿರಲಿಲ್ಲ.

"ನೋಡಿ ಕ್ಯಾಸ್, ನಾನು ಸೋಲಿ ಅಂತ ಹೇಳ್ತಿಲ್ಲ. ಸ್ವಲ್ಪ ದೂರ ನೋಡಿ ಅಂತಿದೀನಿ. ಮೊದಲನೇ ಕ್ವಾರ್ಟರ್‌ಬ್ಯಾಕ್‌ಗೆ ರೆಸ್ಟ್ ಕೊಡಿ. ಎರಡನೆಯವನಿಗೆ ಹೇಗೂ ಮೊಣಕೈ ನೋವು. ಆ ಮೂರನೆಯವನಿದಾನಲ್ಲ, ಏನವನ ಹೆಸರು?"

"ವೆಲ್ಡನ್ ಟೀಗ್. ಒಂಬತ್ತು ವರ್ಷದಿಂದ ನಿಮ್ಮ ತಂಡದಲ್ಲೇ ಇದಾನೆ."

"ಅವನೇ. ಪಾಪ, ಅವನಿಗೂ ಒಂದು ಅವಕಾಶ."

ಹಾರ್ಲನ್‌ಪೋರ್ಟ್ ಐರನ್ಸ್ ತಂಡ ಆ ವರ್ಷ ಪಟ್ಟಿಯ ತಳದಲ್ಲಿತ್ತು. ತಳದಲ್ಲೇ ಉಳಿದರೆ ಏಪ್ರಿಲ್‌ನಲ್ಲಿ ಕಾಲೇಜು ಆಟಗಾರರನ್ನು ಆರಿಸುವಾಗ ಮೊದಲ ಸರದಿ ಅದರದ್ದು. ಇಡೀ ದೇಶ ಬಾಯಿ ಬಿಟ್ಟು ನೋಡುತ್ತಿದ್ದ ಕೋಲ್ಟನ್ ರೀವ್ ಎಂಬ ಕಾಲೇಜು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಇಡೀ ಆಟ ನಡೆಸುವವನು, ಆಗ ಇಲ್ಲಿಗೇ ಬರುತ್ತಾನೆ. ಭಾನುವಾರದ ಕೊನೆಯ ಆಟ ಗೆದ್ದರೆ ಒಂದು ಮೆಟ್ಟಿಲು ಮೇಲೆ, ಕೋಲ್ಟನ್ ಬೇರೆಯವರ ಪಾಲು. ಅತ್ಯಂತ ಕೆಟ್ಟದಾಗಿ ಆಡಿದವರಿಗೆ ಅತ್ಯಂತ ದೊಡ್ಡ ಬಹುಮಾನ.

"ಕೋಲ್ಟನ್ ಬಂದ ಅಂದ್ರೆ ಅವನನ್ನ ತಿದ್ದೋಕೆ ನಿಮಗಿಂತ ಒಳ್ಳೆಯವರು ಬೇಕಾ? ಇನ್ನೂ ನಾಲ್ಕು ವರ್ಷ ನೀವೇ ಕೋಚ್," ಎಂದ ಟ್ರಿಪ್. "ಬರಲಿಲ್ಲ ಅಂದ್ರೆ... ಸೋಮವಾರ ನಾವಿಬ್ರೂ ಕೂತು ಮಾತಾಡೋಣ."

ಆಟದ ಋತು ಮುಗಿದ ಮರುದಿನದ ಸೋಮವಾರ ಕೋಚ್‌ಗಳ ತಲೆ ಉರುಳುವ ದಿನ. ಅಂದು ಯಾರೂ ಕೂತು ಮಾತಾಡುವುದಿಲ್ಲ, ನಿಂತಲ್ಲೇ ಮುಗಿಸುತ್ತಾರೆ. ಟ್ರಿಪ್‌ನ ತಂದೆ ತಂಡ ಕಟ್ಟಿದ್ದ. ಮಗ ದಂಡ ಕಟ್ಟಿಸುತ್ತಿದ್ದ.

ಮೆಟ್ಟಿಲಿಳಿಯುವಾಗ ಕ್ಯಾಸ್‌ನ ಎರಡೂ ಮಂಡಿಗಳು ಲಟಲಟ ಎಂದವು. ಆ ಮಂಡಿಗಳನ್ನು ಸವೆಸಿದ್ದು ಇದೇ ಮೈದಾನ. ಉಕ್ಕಿನ ಕಾರ್ಖಾನೆಯ ಬೀದಿಯಲ್ಲಿ ಹುಟ್ಟಿ, ಇದೇ ತಂಡದ ಕ್ವಾರ್ಟರ್‌ಬ್ಯಾಕ್ ಆಗಿ ಹನ್ನೆರಡು ವರ್ಷ ಒದೆ ತಿಂದು, ಪಕ್ಕೆಲುಬು ಮುರಿದುಕೊಂಡು ಆಡಿ, ಒಂದೇ ಒಂದು ಟ್ರೋಫಿಯೂ ಇಲ್ಲದೆ ನಿವೃತ್ತನಾಗಿ, ಕೋಚ್ ಆಗಿ ಮರಳಿದವನು ಅವನು. ತೋಳಿನಲ್ಲಿ ಅಂಥ ಬಲವೇನೂ ಇರಲಿಲ್ಲ. ಇದ್ದದ್ದು ಗಂಟಲು. ಚೆಂಡು ಅಲುಗುವ ಮುನ್ನ ಕ್ವಾರ್ಟರ್‌ಬ್ಯಾಕ್ "ಹಟ್! ಹಟ್!" ಎಂದು ಕೂಗುತ್ತಾನಲ್ಲ, ಯಾವ "ಹಟ್"ಗೆ ಚೆಂಡು ಎಂಬುದು ಅವನ ಕಡೆಯವರಿಗಷ್ಟೇ ಗೊತ್ತು. ಕ್ಯಾಸ್ ಆ ಕೂಗನ್ನು ಏರಿಸಿ ಇಳಿಸಿ, ಎದುರು ನಿಂತ ಮುನ್ನೂರು ಪೌಂಡಿನ ದೈತ್ಯರನ್ನು ಅವಸರಪಡಿಸಿ ಗೆರೆ ದಾಟಿಸಿಬಿಡುತ್ತಿದ್ದ. ಚೆಂಡು ಅಲುಗುವ ಮೊದಲೇ ದಾಟಿದರೆ ದಂಡ, ಇವರಿಗೆ ಐದು ಗಜ ಪುಕ್ಕಟೆ.

ಸಹಾಯಕ ಕೋಚ್‌ಗಳ ಕೋಣೆಗೆ ಬಂದವನೇ ಕುತ್ತಿಗೆ ಓರೆ ಮಾಡಿ, ಇಲ್ಲದ ಟೈ ಸರಿಪಡಿಸಿಕೊಂಡು, ಟ್ರಿಪ್‌ನ ಹಾಗೆಯೇ ಮೂಗಿನಲ್ಲಿ ಶುರುಮಾಡಿದ: "ನಾನು ಕತ್ತು ಕೊಯ್ಯಿ ಅಂತ ಹೇಳ್ತಿಲ್ಲ ಕ್ಯಾಸ್, ಚಾಕು ಅಲ್ಲಿದೆ ಅಂತಿದೀನಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಕುರ್ಚಿ ಒದ್ದ.

"ವೆಲ್ಡನ್‌ನ ಕರೀರಿ."

ವೆಲ್ಡನ್ ಟೀಗ್‌ಗೆ ಮೂವತ್ಮೂರು. ಅಲಬಾಮಾದ ಪಾದ್ರಿಯ ಮಗ. ಒಂಬತ್ತು ವರ್ಷದಲ್ಲಿ ಒಂದು ಆಟದಲ್ಲೂ ಮೊದಲಿನಿಂದ ಮೈದಾನಕ್ಕಿಳಿದವನಲ್ಲ. ಸುದ್ದಿ ಕೇಳಿ ಅವನ ಕಣ್ಣು ತುಂಬಿತು. "ಕೋಚ್, ಅಪ್ಪನಿಗೆ ಫೋನ್ ಮಾಡ್ಬಹುದಾ? ಅವ್ರು ಬರೋಕೆ ಇಡೀ ದಿನದ ದಾರಿ." ಯಾಕೆ ಅವನನ್ನು ಆಡಿಸುತ್ತಿದ್ದಾರೆಂದು ಅವನಿಗೆ ತಿಳಿಯದು. ಕ್ಯಾಸ್ ಬಾಗಿಲು ಮುಚ್ಚಿದ.

"ಫೋನ್ ಆಮೇಲೆ. ಮೊದಲು ಕೂಗು."

"ಹಟ್," ಎಂದ ವೆಲ್ಡನ್.

"ಏನಿದು? ಚರ್ಚಲ್ಲಿ ಕಾಣಿಕೆ ತಟ್ಟೆ ಹಿಡ್ಕೊಂಡ್ ಬಂದಿದೀಯಾ? ದಯವಿಟ್ಟು ಚೆಂಡು ಕೊಡ್ತೀರಾ ಅಂತ ಕೇಳ್ತಿದೀಯಾ?"

"ಹಟ್!"

"ಈಗ ಬೆಕ್ಕಿನ ಬಾಲ ತುಳಿದ ಹಾಗಿದೆ. ಹೊಟ್ಟೆಯಿಂದ ಬರ್ಲಿ! ನಿಂಗೆ ಯಾರ ಮೇಲೂ ಸಿಟ್ಟೇ ಇಲ್ವೇನೋ ಮಾರಾಯ?"

"ಇಲ್ಲ ಕೋಚ್."

"ನಂದೇ ತಗೋ. ಬೇಕಾದಷ್ಟಿದೆ."

ಶನಿವಾರದ ಹೊತ್ತಿಗೆ ವೆಲ್ಡನ್‌ನ ಸ್ವರ ಒಡೆದಿತ್ತು, ಕೂಗು ಪಳಗಿತ್ತು.

ಭಾನುವಾರ ಕಾರು ನಿಲ್ಲಿಸುವ ಬಯಲಿನಲ್ಲಿ ಎಂದಿನಂತೆ ಒಲೆ ಹೊತ್ತಿಸಿ ಸಾಸೇಜ್ ಸುಡುತ್ತಿದ್ದ ಜನ ಕೋಲ್ಟನ್ ರೀವ್‌ನ ಮುಖವಾಡ ಹಾಕಿಕೊಂಡಿದ್ದರು. "ಸೋತು ಪುಣ್ಯ ಕಟ್ಟಿಕೊಳ್ಳಿ" ಎಂದು ಹಲಗೆ ಹಿಡಿದಿದ್ದರು. ತಮ್ಮದೇ ಊರು, ತಮ್ಮದೇ ತಂಡ.

ಆಟ ಚೆನ್ನಾಗಿರಲಿಲ್ಲ, ಸುಳ್ಳು ಹೇಳಬಾರದು. ವೆಲ್ಡನ್ ಎಸೆದ ಮೊದಲ ಚೆಂಡು ಎದುರಾಳಿಯ ಎದೆಗೇ ಹೋಗಿ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ತಿರುಗಿ ತಿರುಗಿ ನೋಡಿದ. ಯಾರಿಗೆ ಚಪ್ಪಾಳೆ ಎಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಬೇರೆಯೇ ಮನುಷ್ಯನಾದ. ಚಿಕ್ಕ ಚಿಕ್ಕ ಪಾಸು, ಕೆಸರಿನಲ್ಲಿ ಉರುಳಾಟ, ಮೂಗಿನಲ್ಲಿ ರಕ್ತ. ಕೊನೆಯ ಕಾಲುಭಾಗದಲ್ಲಿ ಚೆಂಡು ಕೊನೆಯ ಗೆರೆ ದಾಟಿ ಒಂದು ಟಚ್‌ಡೌನ್ ಬಿದ್ದು ಐರನ್ಸ್ ಎರಡು ಅಂಕ ಮುಂದೆ ಹೋದಾಗ ಅರವತ್ತು ಸಾವಿರ ಜನ "ಬೂ" ಎಂದರು.

ಆಟ ಮುಗಿಯಲು ಇನ್ನೇನು ಒಂದೂವರೆ ನಿಮಿಷ. ನಾಲ್ಕನೆಯ, ಅಂದರೆ ಕೊನೆಯ ಯತ್ನ, ಮುಂದೆ ಸಾಗಬೇಕಾದದ್ದು ಇನ್ನು ಮೂರು ಗಜ. ಸಿಕ್ಕರೆ ಚೆಂಡು ಇವರಲ್ಲೇ ಉಳಿದು ಹೊತ್ತು ಮುಗಿಯುತ್ತದೆ. ಚೆಂಡನ್ನು ಒದ್ದು ಆಚೆ ಕಳಿಸಿದರೆ ಎದುರಾಳಿಗೆ ಗೆಲ್ಲಲು ಸಮಯವಿದೆ. ಟ್ರಿಪ್‌ನ ಬಂಟ ಮ್ಯಾನೇಜರ್ ಗೆರೆಯ ಪಕ್ಕಕ್ಕೇ ಇಳಿದು ಬಂದಿದ್ದ. "ಒದ್ದುಬಿಡಿ ಕ್ಯಾಸ್. ಯಾರೂ ಏನೂ ಅನ್ನಲ್ಲ."

ಅದು ನಿಜ. ಯಾವ ಕೋಚ್ ಆದರೂ ಒದೆಸುತ್ತಿದ್ದ. ಸೋಲಿನ ಮನೆಗೆ ಇದಕ್ಕಿಂತ ಮರ್ಯಾದಸ್ಥ ಬಾಗಿಲಿಲ್ಲ. ನಾಲ್ಕು ವರ್ಷದ ಕೆಲಸ, ಕೋಲ್ಟನ್, ಕೊನೆಗೂ ಒಂದು ಟ್ರೋಫಿ. ಎಲ್ಲ ಆ ಒಂದು ಒದೆಯ ದೂರದಲ್ಲಿತ್ತು. ಕ್ಯಾಸ್ ಕತ್ತೆತ್ತಿದ. ಮೈದಾನದಲ್ಲಿ ವೆಲ್ಡನ್, ಮೂಗು ಒರೆಸಿಕೊಂಡು, ಇವನ ಕಡೆಯೇ ನೋಡುತ್ತಿದ್ದ.

"ಪಕ್ಕಕ್ಕೆ ಸರೀರಿ. ಅಡ್ಡ ನಿಂತಿದೀರಿ," ಎಂದ ಕ್ಯಾಸ್.

ಕೋಚ್‌ನ ಮಾತು ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಕೇಳುವುದು ಕೆಲವೇ ಕ್ಷಣ. ಆಮೇಲೆ ರೇಡಿಯೋ ಸತ್ತುಹೋಗುತ್ತದೆ. "ವೆಲ್ಡನ್, ಬೆಳಗಿಂದ ಎರಡನೇ ಹಟ್‌ಗೇ ಚೆಂಡು ತಗೊಂಡಿದೀಯ. ಅವ್ರ ಮೈಗೆ ಅದು ಅಭ್ಯಾಸ ಆಗಿದೆ. ಈಗ ತಗೋಬೇಡ. ನಮ್ಮವರು ಯಾರೂ ಉಸಿರಾಡ್ಬಾರ್ದು. ನೀನು ಬರೀ ಕೂಗು. ಆ ಜನರ ಮೇಲೆ ಕೂಗು..." ಅಲ್ಲಿಗೆ ಕಡಿಯಿತು.

ವೆಲ್ಡನ್ ಬಗ್ಗಿದ. ಒಂದು ಹಟ್, ತಣ್ಣಗೆ. ಎರಡನೆಯದು ಪಾದ್ರಿಯ ಮಗನ ಬಾಯಿಂದ ಬಂದದ್ದಲ್ಲ. ಎದೆಯೊಳಗಿಂದ ಏನೋ ಕಿತ್ತುಕೊಂಡು ಬಂದಂತಿತ್ತು. ನಡುವೆ ನಿಂತಿದ್ದ ಎದುರಾಳಿ ಭೀಮಕಾಯ ಮುಗ್ಗರಿಸಿ ಗೆರೆ ದಾಟಿ ಐರನ್ಸ್‌ನವರ ಮೇಲೆ ಬಿದ್ದ. ದಂಡ ಸಾರುವ ತೀರ್ಪುಗಾರನ ಹಳದಿ ಬಟ್ಟೆ ಹಾರಿತು. ಐದು ಗಜ. ಚೆಂಡು ಅಲುಗಲೂ ಇಲ್ಲ, ಆಟ ಮುಗಿದಿತ್ತು.

ಆಮೇಲೆ ಕೇಳಿದ ಛೀಮಾರಿಯನ್ನು ಕ್ಯಾಸ್ ಯಾವ ಪರವೂರಿನಲ್ಲೂ ಕೇಳಿರಲಿಲ್ಲ. ಬಿಯರ್ ಲೋಟಗಳು ಹಾರಿಬಂದವು. ವೆಲ್ಡನ್ ಚೆಂಡು ತಬ್ಬಿಕೊಂಡು ನಡುಮೈದಾನದಲ್ಲಿ ನಿಂತಿದ್ದ. "ಕೋಚ್, ಗೆದ್ದಿದ್ದು ನಾವೇ ತಾನೆ?"

ಗೋಡೆಯ ಮೇಲಿಂದ ಬಾಗಿದ ಮುದುಕಿಯೊಬ್ಬಳು ಕ್ಯಾಸ್‌ನ ಹಳೆಯ ನಂಬರಿನ ಅಂಗಿ ತೊಟ್ಟಿದ್ದಳು. "ಕ್ಯಾಸೀ! ನೀನು ಬಿದ್ದಾಗೆಲ್ಲ ನಾನು ಅತ್ತಿದೀನಲ್ಲೋ! ಬರಬೇಕಿದ್ದ ನಮ್ಮ ಹುಡುಗ ಕೋಲ್ಟನ್‌ನ ಕಳೆದುಬಿಟ್ಯಲ್ಲೋ, ಹಾಳಾದವನೇ!"

"ನಿಮ್ಮ ಹುಡುಗ ಇಲ್ಲಿದಾನಮ್ಮ!" ಕ್ಯಾಸ್ ಗಂಟಲು ಹರಿಯುವಂತೆ ಕಿರುಚಿದ. "ಒಂಬತ್ತು ವರ್ಷದಿಂದ ಇಲ್ಲೇ ಇದಾನೆ! ಇವನ ಮೂಗಿಂದ ರಕ್ತ ಸುರೀತಾ ಇದೆ, ಕಣ್ಣಿಲ್ವಾ ನಿಮಗೆ?"

ಅವಳು ಮುಖ ತಿರುಗಿಸಿಕೊಂಡಳು.

ಒಳಗೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಟ್ರಿಪ್ ನಿಂತಿದ್ದ. ಮೊದಲ ಬಾರಿ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಸೋಮವಾರದವರೆಗೆ ಕಾಯೋದು ಬೇಡ. ಈಗಲೇ ಹೊರಡಿ. ಸುದ್ದಿಯವರಿಗೆ ನಾನು ಹೇಳ್ಕೋತೀನಿ. ಬಾಯಿ ಮುಚ್ಚಿಕೊಂಡು ಹೋದ್ರೆ ಬೇರೆ ತಂಡಕ್ಕೆ ಒಂದು ಒಳ್ಳೆ ಮಾತು ಹಾಕ್ತೀನಿ."

ಒಳಗೆ ಆಟಗಾರರು ಬೂಟು ಬಿಚ್ಚುತ್ತಿದ್ದರು. ಒಂದು ಮೂಲೆಯಲ್ಲಿ ಅಲಬಾಮಾದಿಂದ ಬಂದ ವೃದ್ಧ ಪಾದ್ರಿ ಮಗನ ಮೂಗಿಗೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಕ್ಯಾಸ್‌ನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಇಳಿಯುವುದು ಬೇಕಾಗಿಯೂ ಇರಲಿಲ್ಲ.

ಅವನು ಟ್ರಿಪ್‌ನನ್ನು ದಾಟಿಕೊಂಡು ಹೋಗಿ, ಮೊಗಸಾಲೆಯಲ್ಲಿ ಕ್ಯಾಮೆರಾ ಹೊತ್ತು ಕಾಯುತ್ತಿದ್ದವರಿಗೆ ಬಾಗಿಲು ಪೂರ್ತಿ ತೆರೆದ.

"ಬನ್ನಿ. ಮೊದಲು ವೆಲ್ಡನ್ ಟೀಗ್‌ನ ಮಾತಾಡಿಸಿ, ಇವತ್ತು ಗೆದ್ದವನು ಅವನು. ಆಮೇಲೆ ಎಲ್ಲರೂ ನನ್ನ ಹತ್ರ ಬನ್ನಿ. ಈ ಆಟ ಸೋಲೋಕೆ ನನಗೆ ಯಾರು ಹೇಳಿದ್ರು ಅಂತ ಹೇಳ್ತೀನಿ. ಅವ್ರೂ ಇಲ್ಲೇ ನಿಂತಿದಾರೆ."